ಅಂಕೋಲೆಯ ಹೆಡ್ ಮಾಸ್ತರ್ ಶಿಬಿರಕ್ಕೆ ಹೋಗಿ ಬಂದೆ, ಹೋಗೋ ಯೋಚನೆ ಇದ್ದೋರು ಓದಿ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಮಾಡಿದೆ ಅಂತ ಮುಂದೆ ಬರುತ್ತೆ. ಸ್ವಲ್ಪ ಉದ್ದ ಆಗುತ್ತೆ ಈ ರಿವ್ಯೂ, ಯಾಕಂದ್ರೆ ಹೋಗೋ ಮುಂಚೆ ನಾನು ಹುಡುಕಿದಾಗ ಇದರ ಬಗ್ಗೆ ಯಾರೂ ಒಂದು ಸಾಲೂ ಬರೆದಿರಲಿಲ್ಲ, ರಜೆಯಲ್ಲಿ ಮೂರು ದಿನ ಮನೆ ಬಿಟ್ಟು, ಕೈಯಿಂದ ದುಡ್ಡು ಕೊಟ್ಟು ಹೋಗೋದು ಅಂದ್ರೆ ನಮ್ಮಂಥೋರಿಗೆ ಸಣ್ಣ ವಿಷಯ ಅಲ್ಲ.

ನಾನು ಶಿರಸಿ ತಾಲೂಕಿನ ಘಟ್ಟದ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. 41 ಮಕ್ಕಳು, ನಾವು ಮೂರು ಜನ, ಅದ್ರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಹೆಡ್ ಮಾಸ್ತರು ರಿಟೈರ್ ಆದ್ಮೇಲೆ ಎರಡು ವರ್ಷದಿಂದ ಇನ್‌ಚಾರ್ಜ್ ನಾನೇ. ಪಾಠ ಮಾಡೋದು ಗೊತ್ತು, ಶಾಲೆ ನಡೆಸೋದು ಯಾರೂ ಹೇಳಿಕೊಟ್ಟಿಲ್ಲ, ಇಲಾಖೆ ತರಬೇತಿಗಳಿಗೆ ಹೋಗಿದೀನಿ, ಅಲ್ಲಿ ಹೆಚ್ಚಾಗಿ ಯಾವ ಮಾಹಿತಿನ ಯಾವ ಆ್ಯಪಲ್ಲಿ ತುಂಬಬೇಕು ಅನ್ನೋದೇ ಬರುತ್ತೆ. ಹಂಗಾಗಿ ಕುಮಟಾದ ಗೆಳತಿ ಒಬ್ಬಳು ಫೋನ್ ಮಾಡಿ "ಅಂಕೋಲೆಲಿ ಮೂರು ದಿನದ ಒಂದು ಶಿಬಿರ ಇದ್ಯಡೆ, ಹಳೇ ಮಾಸ್ತರಗಳೇ ಸೇರಿ ನಡೆಸ್ತ್ರು, ಇತಿಹಾಸದಿಂದ ಶಾಲೆ ನಡೆಸೋದು ಕಲಿಯೋದಂತೆ" ಅಂದಾಗ ಹ್ಞೂಂ ಅಂದ್ಬಿಟ್ಟೆ.

ನಡೆಸೋರು ಒಂದು ಸಣ್ಣ ಗುಂಪು. ನಾಲ್ಕೈದು ಜನ ನಿವೃತ್ತ ಹೆಡ್ ಮಾಸ್ತರು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಬಿಟ್ಟ ಒಬ್ಬರು ಮೇಡಂ. ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ. ಒಬ್ಬರಿಗೆ 2,600 ರೂಪಾಯಿ, ಅದ್ರಲ್ಲೇ ಊಟ, ವಸತಿ, ಎರಡನೇ ದಿನದ ಕಾರವಾರ ಓಡಾಟ ಎಲ್ಲ. ನಾವು 26 ಜನ ಇದ್ವಿ, ಭಟ್ಕಳದಿಂದ ಜೋಯಿಡಾ ತನಕ. ಮೇ ತಿಂಗಳು, ಅಂದ್ರೆ ಸೆಕೆ ಹೇಗಿರುತ್ತೆ ಅಂತ ಕರಾವಳಿಯವರಿಗೆ ಹೇಳ್ಬೇಕಾಗಿಲ್ಲ, ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟೋ ಹೊತ್ತಿಗೇ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು.

ಊಟದ ವಿಷಯ ಮೊದಲು ಮುಗಿಸಿಬಿಡ್ತೀನಿ, ಚೆನ್ನಾಗಿತ್ತು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಮೀನು ತಿನ್ನದೋರಿಗೆ ಬೇರೆ ಸಾರು ಪಲ್ಯ, ಎಲ್ಲರಿಗೂ ಕೋಕಂ ಕಡಿ, ಊಟ ಆದ್ಮೇಲೆ ಕರಿ ಈಶಾಡು ಹಣ್ಣು ಬುಟ್ಟಿಗಟ್ಟಲೆ. ಮಲಗೋಕೆ ದೊಡ್ಡ ಹಾಲಲ್ಲಿ ಚಾಪೆ. ಹೆಂಗಸರು 15 ಜನರಿಗೆ ಎರಡೇ ಬಚ್ಚಲು, ಬೆಳಿಗ್ಗೆ ಐದಕ್ಕೇ ಕ್ಯೂ. ಇದನ್ನ ಅವರಿಗೂ ಹೇಳಿ ಬಂದಿದೀನಿ, ಮುಂದಿನ ಸಲ ಸರಿ ಮಾಡ್ತೀವಿ ಅಂದಿದಾರೆ.

ಈಗ ವಿಷಯಕ್ಕೆ ಬರ್ತೀನಿ. ಹೊರಡೋಕೆ ಒಂದು ವಾರ ಮುಂಚೆ ಫೋನಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ರು. ನಿಮ್ಮ ಶಾಲೆಯ ಹಳೇ ಜನರಲ್ ರಿಜಿಸ್ಟರ್, ಅಂದ್ರೆ ಮಕ್ಕಳ ದಾಖಲಾತಿ ಪುಸ್ತಕ, ತೆಗೀರಿ, ಸಿಕ್ಕಿದ್ರಲ್ಲಿ ಅತಿ ಹಳೇದು, ಅದನ್ನ ಹೊರಗೆ ತಗೊಂಡು ಬರ್ಬೇಡಿ ಅದು ಶಾಶ್ವತ ದಾಖಲೆ, ಹತ್ತು ಪುಟ ಫೋಟೋ ತೆಗೆದುಕೊಂಡು ಬನ್ನಿ, ಮಕ್ಕಳ ಹೆಸರಿನ ಕಾಲಂ ಮೇಲೆ ಒಂದು ಪಟ್ಟಿ ಕಾಗದ ಇಟ್ಟು ತೆಗೀರಿ ಅಂತ. ನಮ್ಮ ಆಫೀಸ್ ರೂಮಿನ ಗೋದ್ರೆಜ್ ಕಪಾಟಿನ ಕೆಳಗಿನ ಅರೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ರಿಜಿಸ್ಟರ್ ಇದ್ವು. ಯಾರಾದ್ರೂ ಜನ್ಮ ದಿನಾಂಕದ ದಾಖಲೆ ಕೇಳ್ಕೊಂಡು ಬಂದಾಗ ಮಾತ್ರ ತೆಗೀತಿದ್ದೆ. ಕೂತು ಓದಿದ್ದು ಅದೇ ಮೊದಲು.

ನಮ್ಮ ಉತ್ತರ ಕನ್ನಡ ಮುಂಬೈ ಪ್ರಾಂತದ ಜಿಲ್ಲೆಯಾಗಿತ್ತಲ್ಲ, 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಸೇರಿಸಿದ್ದು, 1956ರ ತನಕ ಅಲ್ಲೇ, ಅದಕ್ಕೇ ನಮ್ಮ ಹಳೇ ರಿಜಿಸ್ಟರಿನಲ್ಲಿ ಕ್ಲಾಸಿಗೆ "ಇಯತ್ತೆ" ಅಂತಿದೆ, ಕೊನೆ ಕಾಲಂ "ಷರಾ". ಅದರ ಹಿಂದಿನ ಕಾಲಂ "ಶಾಲೆ ಬಿಟ್ಟ ಕಾರಣ". ಮೊದಲ ದಿನದ ಪೂರ್ತಿ ಬೆಳಿಗ್ಗೆ ಈ ಒಂದು ಕಾಲಂ ಮೇಲೇ ಹೋಯ್ತು. ನಾಲ್ಕು ನಾಲ್ಕು ಜನ ಗುಂಪು ಮಾಡಿ ಕೂರಿಸಿದ್ರು, ಒಬ್ಬೊಬ್ಬರ ಫೋಟೋ ಒಬ್ಬೊಬ್ಬರು ಓದ್ಬೇಕು, ಏನು ಕಾಣುತ್ತೆ ಹೇಳ್ಬೇಕು.

ನನ್ನ ಪುಟಗಳಲ್ಲಿ ಏನಿತ್ತು ಅಂತ ಹೇಳ್ತೀನಿ. 1958ರಿಂದ ಶುರು. ಹೆಣ್ಣುಮಕ್ಕಳು ಒಂದನೇ ಇಯತ್ತೆಗೆ ಸೇರ್ತಾರೆ, ಎರಡನೇದ್ರಲ್ಲೋ ಮೂರನೇದ್ರಲ್ಲೋ ಬಿಡ್ತಾರೆ. ಕಾರಣದ ಕಾಲಮಲ್ಲಿ ಒಂದೇ ಶಬ್ದ, "ಗೈರುಹಾಜರಿ". ಕೆಳಗೆ ಅದೇ, ಅದರ ಕೆಳಗೂ ಅದೇ, ಒಂದು ಪುಟದಲ್ಲಿ ಹನ್ನೊಂದು ಸಲ. ಎಲ್ಲ ಒಂದೇ ದಿನ ಒಂದೇ ಮಸಿಯಲ್ಲಿ ಬರೆದಂಗಿದೆ. ಆಮೇಲೆ 1966ರ ಜೂನಿಂದ ಅಕ್ಷರ ಬದಲಾಗುತ್ತೆ, ಬೇರೆ ಯಾರೋ ಮಾಸ್ತರು ಬಂದಿದಾರೆ, ಸಣ್ಣ ಗುಂಡಗಿನ ಅಕ್ಷರ, ನೀಲಿ ಮಸಿ. ಅವರು ಆ ಕಾಲಮಲ್ಲಿ ಜಾಗ ಸಾಲದೆ ಗೆರೆ ದಾಟಿ ಷರಾದ ಕಾಲಮಿಗೂ ಹೋಗಿ ಬರೆದಿದಾರೆ. "ತಾಯಿ ಬಾಳಂತಿ. ಎರಡು ತಿಂಗಳು." "ಕೊಯ್ಲು. ತಂದೆಗೆ ಹೇಳಿದೆ, ಸಂಕ್ರಾಂತಿ ನಂತರ ಕಳಿಸುವೆ ಎಂದರು." ಒಂದು ಕಡೆ, "ಹಳ್ಳಕ್ಕೆ ಸಂಕ ಇಲ್ಲ. ಮಳೆ ನಿಂತ ಮೇಲೆ ಬರುತ್ತಾಳೆ." ಅದೇ ಹುಡುಗಿಯ ನಂಬರ್ ಎರಡು ಪುಟ ಮುಂದೆ ಮತ್ತೆ ಬರುತ್ತೆ, ನವೆಂಬರಿನಲ್ಲಿ, ಪುನಃ ದಾಖಲು. ಬಂದಿದಾಳೆ. ಅವಳು ನಾಲ್ಕನೇ ಇಯತ್ತೆ ಪಾಸಾಗಿದಾಳೆ.

ಇದನ್ನ ನನ್ನ ಗುಂಪಿನ ಹೊನ್ನಾವರದ ಸರ್ ಒಬ್ಬರು ಜೋರಾಗಿ ಓದಿದ್ರು, ಓದಿ ಸುಮ್ಮನಾದ್ರು. ನನಗೆ ಗಂಟಲು ಕಟ್ಟಿತು. ಆ ಹಳ್ಳ ನಂಗೆ ಗೊತ್ತು, ಈಗ ಅಲ್ಲಿ ಸಿಮೆಂಟಿನ ಕಾಲುಸಂಕ, ಅಂದ್ರೆ ನಡೆದು ದಾಟೋ ಸಣ್ಣ ಸೇತುವೆ ಇದೆ, ನಮ್ಮ ಮಕ್ಕಳು ಆರು ಜನ ಅದರ ಮೇಲೇ ಬರ್ತಾರೆ.

ಆಗ ಶಿಬಿರದ ಹಿರಿಯ ಮಾಸ್ತರು, ಎಂಬತ್ತರ ಹತ್ತಿರದವರು, ಅಂಕೋಲೆ ಕಡೆಯವರೇ, ನನ್ನ ಪಕ್ಕ ಬಂದು ಕೂತು ಕೇಳಿದ್ರು, "ಅಕ್ಕೋರೆ, ಹೋದ ವರ್ಷ ನಿಮ್ಮ ಶಾಲೆ ಬಿಟ್ಟ ಪೋರ ಯಾರಾದ್ರೂ ಇದ್ರ?" ಇದ್ದ, ಒಬ್ಬ. "ಅವನ ಕಾರಣ ಏನಂತ ಬರದ್ರಿ?" ನಾನು ಕಂಪ್ಯೂಟರಲ್ಲಿ ಇರೋ ಪಟ್ಟಿಯಿಂದ ಒಂದನ್ನ ಆರಿಸಿ ಒತ್ತಿದ್ದೆ, ದೀರ್ಘ ಗೈರು. ಅದು ಬಿಟ್ಟು ಬೇರೆ ಎಲ್ಲೂ ಏನೂ ಬರೆದಿರಲಿಲ್ಲ. ಮಾಸ್ತರು ಬೈಲಿಲ್ಲ, ಏನೂ ಹೇಳಲೂ ಇಲ್ಲ, ರಿಜಿಸ್ಟರಿನ ಫೋಟೋ ಮತ್ತೊಂದ್ಸಲ ದೊಡ್ಡದು ಮಾಡಿ ನನ್ನ ಕೈಗೇ ಕೊಟ್ರು. ಇಡೀ ಶಿಬಿರಕ್ಕೆ ಕೊಟ್ಟ ದುಡ್ಡು ನನಗೆ ಅಲ್ಲೇ ವಸೂಲಾಯ್ತು ಅಂತ ಹೇಳ್ತೀನಿ.

ಮಧ್ಯಾಹ್ನ ಅಂಕೋಲೆ ಊರಲ್ಲಿ ನಡಿಗೆ. 1930ರ ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತಿರೋದೇ, ಅದನ್ನ ಬೇಗ ಮುಗಿಸಿದ್ರು. ಜಾಸ್ತಿ ಹೊತ್ತು ನಿಂತಿದ್ದು ಗೋಖಲೆ ಸೆಂಟಿನರಿ ಕಾಲೇಜಿನ ಎದುರಿಗೆ. ಎಷ್ಟು ಸಲ ಬಸ್ಸಲ್ಲಿ ಆ ಹೆಸರು ನೋಡಿದೀನೋ, ಗೋಖಲೆಗೂ ಅಂಕೋಲೆಗೂ ಏನು ಸಂಬಂಧ ಅಂತ ಒಂದು ದಿನ ಕೇಳ್ಕೊಂಡಿಲ್ಲ. 1866ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಗೋಖಲೆಯವರ ನೂರನೇ ವರ್ಷಕ್ಕೆ, 1966ರಲ್ಲಿ ಶುರುವಾದ ಕಾಲೇಜು. ಶುರು ಮಾಡಿಸಿದೋರು ದಿನಕರ ದೇಸಾಯಿಯವರು, ಗೋಖಲೆ 1905ರಲ್ಲಿ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯಲ್ಲಿ ಕೆಲಸ ಮಾಡಿದೋರು, ರೈತರ ಚಳವಳಿ ಕಾಲದಲ್ಲಿ ಇದೇ ಜಿಲ್ಲೆಯಿಂದ ಗಡಿಪಾರಾಗಿದ್ದೋರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲೇ ಇಲ್ಲದ ಊರುಗಳಿಗೆ ಹೈಸ್ಕೂಲು ತಂದೋರು. ನಮ್ಮ ಅತ್ತೆ ಮನೆ ಕಡೆ ಇಬ್ಬರು ಆ ಶಾಲೆಗಳಲ್ಲೇ ಓದಿ ನೌಕರಿ ಹಿಡಿದೋರು, ಹಂಗಾಗಿ ದೇಸಾಯರ ಹೆಸರು ಗೊತ್ತಿತ್ತು, ಹಿಂದಿನ ಕೊಂಡಿ ಗೊತ್ತಿರಲಿಲ್ಲ.

ಆ ಕೊಂಡಿ ಏನು ಅಂದ್ರೆ 1911. ಗೋಖಲೆ ಆ ವರ್ಷ ಮಾರ್ಚಲ್ಲಿ ಬ್ರಿಟಿಷರ ಶಾಸನ ಸಭೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಇಟ್ರು. ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಮಹಾರಾಜರು 1906ರಲ್ಲೇ ಕಡ್ಡಾಯ ಮಾಡಿದ್ರು, ಅದೇ ಅವರಿಗೆ ಮಾದರಿ. 1912ರ ಮಾರ್ಚಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧ 38. ಸೋತಿತು. ಸೋಲುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಮಾತಾಡಿದ್ರು. ಇತಿಹಾಸದ ಮೇಡಂ ಇಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ರು, ನಮ್ಮನ್ನ ಎರಡು ಪಾರ್ಟಿ ಮಾಡಿ ಆಗಿನ ವಾದಗಳನ್ನ ನಮ್ಮ ಬಾಯಲ್ಲೇ ಹೇಳಿಸಿದ್ರು. ಜನರಿಂದ ಬೇಡಿಕೆ ಇಲ್ಲ. ದುಡ್ಡು ಎಲ್ಲಿಂದ ತರೋದು. ಎಲ್ಲ ಮಕ್ಕಳು ಶಾಲೆಗೆ ಹೋದ್ರೆ ಕೆಲಸಕ್ಕೆ ಯಾರು. ನಾನು ವಿರೋಧ ಪಾರ್ಟಿ. ಹೇಳ್ತಾ ಹೇಳ್ತಾ ಗೊತ್ತಾಯ್ತು, ಈ ಮಾತುಗಳನ್ನ ನಾನು ನಮ್ಮ ಎಸ್‌ಡಿಎಂಸಿ (ಪಾಲಕರೇ ಇರೋ ಶಾಲಾ ಸಮಿತಿ) ಮೀಟಿಂಗಲ್ಲೂ ಕೇಳಿದೀನಿ, ಸ್ಟಾಫ್ ರೂಮಲ್ಲೂ ಕೇಳಿದೀನಿ, ಒಂದೆರಡು ಸಲ ನಾನೂ ಆಡಿದೀನಿ. ಸಂವಿಧಾನ ಬಂತು, 45ನೇ ವಿಧಿಯಲ್ಲಿ ಹತ್ತು ವರ್ಷದೊಳಗೆ 14 ವರ್ಷದ ತನಕ ಎಲ್ಲ ಮಕ್ಕಳಿಗೂ ಶಿಕ್ಷಣ ಅಂದ್ರು, 2002ರಲ್ಲಿ ಶಿಕ್ಷಣವನ್ನ ಮೂಲಭೂತ ಹಕ್ಕು ಮಾಡಿದ 86ನೇ ತಿದ್ದುಪಡಿ, 2009ರಲ್ಲಿ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ, ಜಾರಿ ಆಗಿದ್ದು 2010ರ ಏಪ್ರಿಲ್ 1ಕ್ಕೆ. ಗೋಖಲೆ ಮಸೂದೆ ಇಟ್ಟು 99 ವರ್ಷಕ್ಕೆ. ಬಿಸಿಲಲ್ಲಿ ಕಾಲೇಜಿನ ಕಂಪೌಂಡ್ ಪಕ್ಕ ನಿಂತು ಆ ಲೆಕ್ಕ ಹಾಕಿದಾಗ, ನಮ್ಮ ರಿಜಿಸ್ಟರಿನ ಹನ್ನೊಂದು "ಗೈರುಹಾಜರಿ"ಗಳು ಆ 99 ವರ್ಷದ ಒಳಗೇ ಬಂದು ಹೋದ ಹುಡುಗಿಯರು ಅಂತ ಹೊಳೀತು.

ಎರಡನೇ ದಿನ ಕಾರವಾರ. ಇಲ್ಲೇ ನಂಗೆ ಬೇಜಾರು. ಬೆಳಿಗ್ಗೆ ಟ್ಯಾಗೋರ್ ಬೀಚಲ್ಲಿ ಎರಡೂವರೆ ತಾಸು. ಸತ್ಯೇಂದ್ರನಾಥ ಟ್ಯಾಗೋರರು ಇಲ್ಲಿ ಜಡ್ಜ್ ಆಗಿದ್ದು, ಭಾರತೀಯರಲ್ಲಿ ಮೊದಲ ಐಸಿಎಸ್ (ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿ ಹುದ್ದೆ) ಅವರು, ತಮ್ಮ ರವೀಂದ್ರನಾಥರು 1880ರ ದಶಕದಲ್ಲಿ ಅವರ ಜೊತೆ ಬಂದು ಇದ್ದಿದ್ದು, ಸ್ವತಃ ಶಾಲೆ ಅಂದ್ರೆ ಆಗದ ಹುಡುಗ ಮುಂದೆ 1901ರಲ್ಲಿ ಶಾಂತಿನಿಕೇತನದಲ್ಲಿ ಐದೇ ಮಕ್ಕಳನ್ನ ಇಟ್ಕೊಂಡು ಶಾಲೆ ತೆರೆದಿದ್ದು, ಎಲ್ಲ ಸರಿ. ಆದ್ರೆ ಮಾತಾಡಿದೋರು ಸಮುದ್ರದ ಸೌಂದರ್ಯದಲ್ಲೇ ಉಳಿದುಬಿಟ್ರು. ಐದು ಮಕ್ಕಳ ಶಾಲೆನ ಹೇಗೆ ನಡೆಸಿದ್ರು, ದುಡ್ಡು ಹೇಗೆ, ಮಾಸ್ತರು ಎಲ್ಲಿಂದ ಸಿಕ್ರು, ಅದು ನಂಗೆ ಬೇಕಿತ್ತು, ನಮ್ಮ ಜಿಲ್ಲೆಯಲ್ಲಿ ಹತ್ತಕ್ಕಿಂತ ಕಮ್ಮಿ ಮಕ್ಕಳಿರೋ ಶಾಲೆ ನಡೆಸ್ತಿರೋ ಮೂರು ಜನ ಅಲ್ಲೇ ಮರಳ ಮೇಲೆ ಕೂತಿದ್ರು. ಅದಾದ್ಮೇಲೆ ಹೊರಗಿಂದ ಕರೆಸಿದ ಟ್ರೇನರ್ ಒಬ್ಬರ ಲೀಡರ್‌ಶಿಪ್ ಕ್ಲಾಸ್, ಬಲೂನು ಊದಿಸಿದ್ರು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದ್ರು, ಸ್ಲೈಡ್ ತೋರಿಸಿದ್ರು. ಕಂಪನಿಯಲ್ಲಿ ಮ್ಯಾನೇಜರಿಗೆ ಹೇಳೋದನ್ನೇ ನಮಗೂ ಹೇಳಿದ್ರು. ನಾನು ಕಟ್ ಮಾಡಿದ ಒಂದು ಸ್ಟಾರ್ ಈ ಅರ್ಧ ದಿನಕ್ಕೆ.

ಮಧ್ಯಾಹ್ನದ ಮೇಲೆ ಮತ್ತೆ ದಾರಿಗೆ ಬಂತು. ವಿಷಯ ರಿಸಲ್ಟ್. ಹೈಸ್ಕೂಲಿನೋರು ಎಂಟು ಜನ ಇದ್ರು, ಅವರ ಮುಖ ನೋಡ್ಬೇಕಿತ್ತು. ಮೇಡಂ ಮತ್ತೆ 1862ಕ್ಕೇ ಕರ್ಕೊಂಡು ಹೋದ್ರು, ಈ ಸಲ ಇಂಗ್ಲೆಂಡಿಗೆ. ಅದೇ ವರ್ಷ ಅಲ್ಲಿ ಹೊಸ ನಿಯಮ ಬಂತು, ಶಾಲೆಗೆ ಸರ್ಕಾರದ ದುಡ್ಡು ಮಕ್ಕಳ ಪರೀಕ್ಷೆ ನೋಡಿ. ಓದು, ಬರಹ, ಲೆಕ್ಕ ಮೂರೂ ಪಾಸಾದ ಮಗುವಿಗೆ 8 ಶಿಲ್ಲಿಂಗು, ಒಂದರಲ್ಲಿ ಬಿದ್ರೆ ಅದ್ರಲ್ಲಿ ಮೂರನೇ ಒಂದು ಭಾಗ ಕಟ್. ಏನಾಯ್ತು ಅಂದ್ರೆ ಮಾಸ್ತರುಗಳು ಮಕ್ಕಳಿಗೆ ಓದೋ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿಸಿದ್ರು, ಇನ್‌ಸ್ಪೆಕ್ಟರ್ ಬಂದಾಗ ಮಗು ಓದಿದಂಗೇ ಕಾಣುತ್ತೆ. ಉಳಿದ ವಿಷಯಗಳು ಹಿಂದೆ ಬಿದ್ವು. ಅಲ್ಲಿನ ಇನ್‌ಸ್ಪೆಕ್ಟರುಗಳೇ ಇದು ಯಾಂತ್ರಿಕ ಆಗ್ತಿದೆ ಅಂತ ಬರೆದ್ರು, ಮೂವತ್ತು ವರ್ಷಕ್ಕೂ ಹೆಚ್ಚು ಎಳೆದು ಆಮೇಲೆ ಕೈಬಿಟ್ರು.

ಅಲ್ಲಿಂದ ಸೀದಾ ನಮ್ಮ ಎಸ್‌ಎಸ್‌ಎಲ್‌ಸಿಗೆ ಬಂದ್ರು. 2023ರಲ್ಲಿ ರಾಜ್ಯದ ಫಲಿತಾಂಶ 83.89 ಪರ್ಸೆಂಟ್, 2024ರಲ್ಲಿ ಪರೀಕ್ಷೆ ರೂಮಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ವರ್ಷ 73.40, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟು. ಯಾರನ್ನೂ ಕಳ್ಳರು ಅಂತ ಹೇಳೋಕೆ ಈ ಅಂಕಿ ಇಟ್ಟಿದ್ದಲ್ಲ ಅಂತ ಮೇಡಂ ಮೊದಲೇ ಹೇಳಿದ್ರು. ಪ್ರಶ್ನೆ ಒಂದೇ ಕೇಳಿದ್ರು, ನಿಮ್ಮ ಶಾಲೆಯಲ್ಲಿ ಪರ್ಸೆಂಟ್ ಒತ್ತಡಕ್ಕೆ ಯಾವ ಮಗುವಿನ ಪಾಲಿನದ್ದು ಯಾವುದು ಬಿಟ್ಟು ಹೋಗಿದೆ, ಬರೀರಿ. ಕುಮಟಾ ಕಡೆಯ ಹೈಸ್ಕೂಲ್ ಸರ್ ಒಬ್ಬರು ಎದ್ದು ನಿಂತು, ಡಿಸೆಂಬರಿಂದ ಹತ್ತನೇ ಕ್ಲಾಸಿನ ಆಟದ ಪೀರಿಯಡ್ ತೆಗೆದು ಹತ್ತು ವರ್ಷ ಆಯ್ತು, ಅದನ್ನ ತೆಗೆದೋನು ನಾನೇ, ಅದಕ್ಕೂ ರಿಸಲ್ಟಿಗೂ ಸಂಬಂಧ ಇದ್ಯಾ ಅಂತ ಒಂದು ಸಲವೂ ನೋಡಿಲ್ಲ ಅಂದ್ರು. ಅವರ ದನಿ ನಡುಗ್ತಿತ್ತು. ಯಾರೂ ಚಪ್ಪಾಳೆ ಹೊಡೀಲಿಲ್ಲ, ಹೊಡೆಯೋ ಅಂಥ ಹೊತ್ತು ಅದಾಗಿರಲಿಲ್ಲ.

ಇನ್ನೊಂದು ಮಾತು ಅಲ್ಲೇ ಬಂತು. ಜೋತಿರಾವ್ ಫುಲೆಯವರು 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗಕ್ಕೆ, ಹಂಟರ್ ಆಯೋಗ ಅಂತಾರಲ್ಲ ಅದಕ್ಕೆ, ಕೊಟ್ಟ ಹೇಳಿಕೆ. ರೈತರಿಂದ ವಸೂಲಿ ಮಾಡಿದ ದುಡ್ಡು ಮೇಲಿನವರ ಉನ್ನತ ಶಿಕ್ಷಣಕ್ಕೆ ಹೋಗ್ತಿದೆ, ಹಳ್ಳಿಯ ಪ್ರಾಥಮಿಕ ಶಾಲೆಗೆ ಕೊಡಿ, ಮಾಸ್ತರಿಗೆ ತರಬೇತಿ ಕೊಡಿ, ಸರಿಯಾದ ಸಂಬಳ ಕೊಡಿ ಅಂತ. ಆಗ ನಾವು ಮುಂಬೈ ಪ್ರಾಂತದಲ್ಲೇ ಇದ್ವಿ, ಅಂದ್ರೆ ಫುಲೆಯವರು ಮಾತಾಡಿದ್ದು ನಮ್ಮ ಶಾಲೆಗಳ ಬಗ್ಗೆಯೂ ಹೌದು. ಸಾವಿತ್ರಿಬಾಯಿ ಜಯಂತಿ ಪ್ರತಿ ವರ್ಷ ಮಾಡ್ತೀವಿ, 1848, ಪುಣೆ ಅಂತ ಮಕ್ಕಳ ಹತ್ರ ಹೇಳಿಸ್ತೀವಿ, ಈ ಕೊಂಡಿ ಮಾತ್ರ ನಂಗೆ ಗೊತ್ತಿರಲಿಲ್ಲ.

ನಲಿಕಲಿ, ಅಂದ್ರೆ ಸಣ್ಣ ಕ್ಲಾಸಿನ ಮಕ್ಕಳು ಕಾರ್ಡ್ ಹಿಡಿದು ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ, ಅದರ ಬಗ್ಗೆ ರಾತ್ರಿ ಊಟದ ಮೇಲೆ ಮಾತು ಶುರುವಾಗಿ ಹನ್ನೊಂದು ಗಂಟೆ ಆಯ್ತು. ಇದು ಶೆಡ್ಯೂಲಲ್ಲಿ ಇರಲಿಲ್ಲ, ಚಾಪೆ ಮೇಲೆ ಕೂತು ಹಂಗೇ ಆಗಿದ್ದು. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿದ್ದು, ಅಲ್ಲಿನ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ಬೆಂಬಲದಲ್ಲಿ, ತಾವೇ ಕೂತು ಕಾರ್ಡ್ ಬರೆದು, ಕಲಿಕಾ ಏಣಿ ಮಾಡಿ, ತಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡಿ, ತಿದ್ದಿ ತಿದ್ದಿ ಮಾಡಿದ್ದು. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು. ನಮಗೆ ಬಂದಿದ್ದು ಪೆಟ್ಟಿಗೆಯಲ್ಲಿ. ನಾನು ಸರ್ವೀಸಿಗೆ ಬಂದ ಹೊಸದು ಆಗ, ಕಾರ್ಡಿನಲ್ಲಿದ್ದ ಮಾತು ನಮ್ಮ ಮಕ್ಕಳ ಬಾಯಿಗೆ ಬಾರದ್ದು ಎಷ್ಟೋ ಇತ್ತು, ಬದಲಿಸಬಹುದು ಅಂತ ನಂಗೆ ಯಾರೂ ಹೇಳಲಿಲ್ಲ, ಬದಲಿಸಬಾರದು ಅಂತಲೂ ಯಾರೂ ಹೇಳಿರಲಿಲ್ಲ. ಸಿದ್ದಾಪುರದ ಒಬ್ಬ ಅಕ್ಕೋರು ಅದೇ ಕಾಲದಲ್ಲಿ ಹಳೇ ಮದುವೆ ಕಾಗದದ ಹಿಂದೆ ತಮ್ಮದೇ ಕಾರ್ಡ್ ಬರೆದಿದ್ರಂತೆ, ಅಡಿಕೆ ಸುಲಿಯೋದು, ಕೊಟ್ಟೆ ಕಟ್ಟೋದು, ಗದ್ದೆ ನೆಟ್ಟಿ, ಎಲ್ಲ ಚಿತ್ರ. ಈಗ್ಲೂ ಇಟ್ಕೊಂಡಿದಾರೆ, ಫೋನಲ್ಲಿ ತೋರಿಸಿದ್ರು, ಮೂಲೆಗಳು ಕೈ ಎಣ್ಣೆಗೆ ಕಪ್ಪಾಗಿದಾವೆ. ಅದಕ್ಕೂ ಹಿಂದೆ 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ (ಶಾಲೆಗಳಿಗೆ ಪಾಠದ ಸಾಮಾನು ಕೊಟ್ಟ ಕೇಂದ್ರದ ಯೋಜನೆ) ಕಾಲದಲ್ಲಿ ಬಂದ ವಿಜ್ಞಾನದ ಕಿಟ್ಟು ಒಡೆದು ಹೋದ್ರೆ ಲೆಕ್ಕ ಕೊಡ್ಬೇಕು ಅಂತ ಬೀಗ ಹಾಕಿಟ್ಟ ಶಾಲೆಗಳ ಕಥೆ ಹಿರಿಯ ಮಾಸ್ತರು ಹೇಳಿದ್ರು. ನಾನು ಹೆಡ್ಡಾಗಿ ಮೊದಲು ಮಾಡ್ಬೇಕಾದ್ದು ನಮ್ಮ ಕಪಾಟಿನ ಬೀಗ ತೆಗೆಯೋದು, ಒಡೆದ್ರೆ ಒಡೀಲಿ ಅಂತ ಟೀಚರಿಗೆ ಬಾಯಿ ಬಿಟ್ಟು ಹೇಳೋದು ಅಂತ ಅವತ್ತು ರಾತ್ರಿ ಡೈರಿಲಿ ಬರ್ಕೊಂಡೆ.

ಮೂರನೇ ದಿನ ಬೆಳಿಗ್ಗೆ ಸುರಕ್ಷತೆ. ಬೋರ್ಡ್ ಮೇಲೆ ಒಂದೇ ತಾರೀಖು ಬರೆದಿದ್ರು, ಜುಲೈ 16. ಅದರ ಕೆಳಗೆ ಎರಡು ವರ್ಷ, 2004, 2024.

2004 ಕುಂಭಕೋಣಂ. ಶಾಲೆಯ ಅಡುಗೆ ಕೋಣೆಯ ಬೆಂಕಿ ತೆಂಗಿನ ಗರಿ ಮಾಡಿಗೆ ಹತ್ತಿ, ಇಕ್ಕಟ್ಟಿನ ದಾರಿಯಲ್ಲಿ ಹೊರಗೆ ಬರೋಕಾಗದೆ 94 ಮಕ್ಕಳು ಹೋದ್ರು. ಅದಾದ್ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳಿಗೂ ಅಗ್ನಿ ಸುರಕ್ಷತೆ ಕಡ್ಡಾಯ ಅಂತ ಆದೇಶ ಮಾಡಿತು. 2024 ನಮ್ಮ ಶಿರೂರು, ನಾವು ಕೂತಿದ್ದ ಜಾಗದಿಂದ ಹತ್ತಿರದಲ್ಲೇ, ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದು, ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತ್ತು. ಅದಾಗಿ ಒಂದು ತಿಂಗಳೂ ಆಗಿಲ್ಲ, ಆಗಸ್ಟ್ 7ಕ್ಕೆ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಕೋಣೆಯಲ್ಲಿ ಶಿರೂರು ಹತ್ತಿರದ ಶಾಲೆಯೋರು ಇದ್ರು, ಅವರು ಮಾತಾಡ್ಲಿಲ್ಲ, ಯಾರೂ ಒತ್ತಾಯ ಮಾಡ್ಲಿಲ್ಲ. ನಡೆಸೋರ ಈ ಸೂಕ್ಷ್ಮ ನಂಗೆ ತುಂಬ ಹಿಡಿಸಿತು.

ಭಾಷಣ ಏನೂ ಇಲ್ಲ. ಒಂದು ಖಾಲಿ ಹಾಳೆ ಕೊಟ್ರು, ನಿಮ್ಮ ಶಾಲೆಯ ನಕ್ಷೆ ಬರೀರಿ, ಗ್ಯಾಸ್ ಸಿಲಿಂಡರ್ ಎಲ್ಲಿದೆ ಗುರುತು ಮಾಡಿ, ಮಕ್ಕಳು ಬರೋ ದಾರಿಯಲ್ಲಿ ಗುಡ್ಡ ಕಡಿದ ಜಾಗ, ಹಳ್ಳ, ಸಂಕ ಗುರುತು ಮಾಡಿ. ನಾನು ಬರೆದೆ. ನಮ್ಮ ಅಕ್ಷರ ದಾಸೋಹದ ಅಡುಗೆ ಕೋಣೆಗೂ ಮೂರನೇ ಕ್ಲಾಸಿಗೂ ಒಂದೇ ಗೋಡೆ. ಸಿಲಿಂಡರ್ ಇರೋದು ಕಿಟಕಿ ಕೆಳಗೆ. ಆ ಕಿಟಕಿಯ ಈಚೆ ಬದಿ ನನ್ನ ಒಂದನೇ ಬೆಂಚು. ದಿನಾ ನೋಡಿದ್ದನ್ನ ಪೆನ್ಸಿಲಲ್ಲಿ ಬರೆದಾಗ ಕೈ ತಣ್ಣಗಾಯ್ತು. ಮನೆಗೆ ಬಂದ ಮಾರನೇ ದಿನವೇ ಅಡುಗೆಯವರನ್ನ, ಎಸ್‌ಡಿಎಂಸಿ ಅಧ್ಯಕ್ಷರನ್ನ ಕರ್ಕೊಂಡು ಹೋಗಿ ಸಿಲಿಂಡರ್ ಹೊರಗಿನ ಕಟ್ಟೆಗೆ ಹಾಕಿಸಿ, ಸುತ್ತ ಜಾಲರಿ ಮಾಡಿಸಿ, ಪೈಪ್ ಹೊಸದು ಹಾಕಿಸಿದ್ವಿ. 1,900 ರೂಪಾಯಿ ಆಯ್ತು.

ಕೊನೇ ಸೆಷನ್ನಿನ ಹೆಸರು "ಎರಡನೇ ಚಾರ್ಜ್ ಲಿಸ್ಟ್". ಇದನ್ನ ಆ ಹಿರಿಯ ಮಾಸ್ತರೇ ತಗೊಂಡ್ರು. ವರ್ಗ ಆದಾಗ, ರಿಟೈರ್ ಆದಾಗ ನಾವು ಚಾರ್ಜ್ ಕೊಡ್ತೀವಲ್ಲ, ಅದರ ಪಟ್ಟಿ ನೆನಪಿಂದ ಬರೀರಿ ಅಂದ್ರು. ನನಗೆ ಕೊಟ್ಟ ಪಟ್ಟಿ ನಾಲ್ಕು ಪುಟ. ಡೆಸ್ಕು 38, ಕಪಾಟು ಎರಡು, ಒಂದರ ಕೀಲಿ ಇಲ್ಲ, ಸಿಲಿಂಡರ್ ಎರಡು, ಅಕ್ಕಿ 212 ಕಿಲೋ, ತೊಗರಿಬೇಳೆ, ಎಣ್ಣೆ ಪ್ಯಾಕೆಟ್, ಧ್ವಜ ಎರಡು. ಎಲ್ಲದಕ್ಕೂ ಸಹಿ. "ಹುಡುಗ್ರು ಎಲ್ಲಿದ್ರು ಇದ್ರಲ್ಲಿ?" ಅಂತ ಕೇಳಿದ್ರು ಮಾಸ್ತರು.

ಇಲ್ಲಿ ನಾನು ಒಂದು ವಿಷಯ ಎಲ್ಲರ ಮುಂದೆ ಹೇಳಿದೆ, ಇಲ್ಲೂ ಹೇಳ್ತೀನಿ. ನಾನು ಇನ್‌ಚಾರ್ಜ್ ಆಗಿ ಐದನೇ ಕ್ಲಾಸ್ ತಗೊಂಡ ವರ್ಷ ಒಬ್ಬ ಹುಡುಗ ನಾನು ಹೇಳಿದ್ದು ಕೇಳ್ತಿರಲಿಲ್ಲ, ಕರೆದ್ರೆ ತಿರುಗ್ತಿರಲಿಲ್ಲ. ಲಕ್ಷ್ಯ ಇಲ್ಲ ಅಂತ ಬೈದಿದೀನಿ, ಎರಡು ಸಲ ಹೊರಗೆ ನಿಲ್ಲಿಸಿದೀನಿ. ಆರು ತಿಂಗಳಾದ್ಮೇಲೆ ಅವನ ಅಜ್ಜಿ ಸಂತೆಯಲ್ಲಿ ಸಿಕ್ಕಾಗ ಹೇಳಿದ್ರು, ಅವನಿಗೆ ಹುಟ್ಟಾ ಎಡಗಿವಿ ಕೇಳಲ್ಲ. ಹಿಂದಿನ ಹೆಡ್ ಮಾಸ್ತರಿಗೆ ಗೊತ್ತಿತ್ತು, ಅವರು ಅವನನ್ನ ಯಾವಾಗ್ಲೂ ಎಡಗಡೆ ಗೋಡೆ ಪಕ್ಕ ಕೂರಿಸ್ತಿದ್ರು, ಬಲಗಿವಿ ಬೋರ್ಡಿನ ಕಡೆ ಬರೋ ಹಂಗೆ. ಅವರು ಒಳ್ಳೇ ಮನುಷ್ಯ, ಹೇಳ್ಬಾರದು ಅಂತ ಇರಲಿಲ್ಲ. ಹೇಳೋಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ ಅಷ್ಟೇ, ನಾನೂ ಕೇಳ್ಲಿಲ್ಲ. ಅಕ್ಕಿ ಮಾತ್ರ ತೂಗಿ ತಗೊಂಡಿದ್ದೆ.

ಮಾಸ್ತರು ಕೊಟ್ಟ ಎರಡನೇ ಪಟ್ಟಿ ಎರಡೇ ಪುಟ, ಖಾಲಿ ಗೆರೆಗಳು. ಯಾವ ಮಗುವಿನ ಬಗ್ಗೆ ಹೊಸಬರಿಗೆ ಮೊದಲ ವಾರವೇ ಗೊತ್ತಿರಬೇಕು. ಊರಲ್ಲಿ ಶಾಲೆಗೆ ಕಷ್ಟ ಬಂದಾಗ ಯಾರ ಮನೆ ಬಾಗಿಲಿಗೆ ಹೋಗ್ಬೇಕು. ಯಾವ ಪ್ರಯತ್ನ ಮಾಡಿ ಸೋತ್ವಿ, ಯಾಕೆ. ಆ ಮೂರನೇದ್ರ ಮೇಲೆ ತುಂಬ ಚರ್ಚೆ ಆಯ್ತು, ಸೋತಿದ್ದನ್ನ ಬರವಣಿಗೆಯಲ್ಲಿ ಕೊಟ್ರೆ ನಾಳೆ ನಮಗೇ ತೊಂದರೆ ಅಲ್ವಾ ಅಂತ ಭಟ್ಕಳದ ಸರ್ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಮಾಸ್ತರು, ಆಫೀಸ್ ಫೈಲಿಗೆ ಹಾಕ್ಬೇಡಿ, ಮುಂದೆ ಬರೋ ಮನುಷ್ಯನ ಕೈಗೆ ನೇರ ಕೊಡಿ, ಮಕ್ಕಳ ಮನೆಯ ಗುಟ್ಟು ಬರೀಬೇಡಿ, ಪಾಠಕ್ಕೆ ಬೇಕಾದ್ದಷ್ಟೇ ಬರೀರಿ ಅಂದ್ರು. ನಂಗೆ ಪೂರ್ತಿ ಸಮಾಧಾನ ಆಗಿಲ್ಲ, ಇದಕ್ಕೆ ಇನ್ನೂ ಗಟ್ಟಿ ಉತ್ತರ ಬೇಕು, ಮುಂದಿನ ಶಿಬಿರದಲ್ಲಿ ಅವರು ಇದರ ಮೇಲೆ ಕೆಲಸ ಮಾಡ್ಲಿ.

ಹೋಗೋರಿಗೆ ಕೆಲವು ಮಾತು. ಖಾಸಗಿ ಶಾಲೆ, ಇಂಗ್ಲಿಷ್ ಮೀಡಿಯಂ ಶಾಲೆ ನಡೆಸೋರಿಗೆ ಇಲ್ಲಿ ಉದಾಹರಣೆ ಕಮ್ಮಿ, ಪೂರ್ತಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಲೋಕ, ನಮ್ಮ ಜೊತೆ ಬಂದಿದ್ದ ಇಬ್ಬರು ಖಾಸಗಿಯೋರು ಹಂಗೇ ಹೇಳಿದ್ರು. ನೋಟ್ಸ್ ಕೊಡ್ತೀವಿ ಅಂದೋರು ಕೊಟ್ಟಿದ್ದು ಮೂರು ವಾರ ತಡವಾಗಿ. ಓಓಡಿ, ಅಂದ್ರೆ ಡ್ಯೂಟಿ ಮೇಲೆ ಹೋದಂಗೆ ಲೆಕ್ಕ, ಸಿಗಲ್ಲ, ರಜೆಯಲ್ಲೇ ಹೋಗ್ಬೇಕು. ಮುಂದಿನದು ದಸರಾ ರಜೆಯಲ್ಲಿ ಮಾಡೋ ಯೋಚನೆ ಇದೆ ಅಂತಿದ್ರು, ಆಗ ಸೆಕೆ ಕಮ್ಮಿ ಇರುತ್ತೆ, ಈಶಾಡು ಇರಲ್ಲ. ರಿಜಿಸ್ಟರಿನ ಫೋಟೋ ಹಗಲು ಬೆಳಕಲ್ಲಿ, ಬಾಗಿಲ ಹತ್ರ ಇಟ್ಕೊಂಡು ತೆಗೀರಿ, ಟ್ಯೂಬ್‌ಲೈಟ್ ಬೆಳಕಿಗೆ ಹಳೇ ಮಸಿ ಕಾಣಲ್ಲ. ಪುಟ ತಿರುಗಿಸುವಾಗ ಮೂಲೆ ಹಿಡೀಬೇಡಿ, ಪುಡಿಯಾಗುತ್ತೆ, ಕೆಳಗೆ ಅಂಗೈ ಇಟ್ಟು ಎತ್ತಿ.

ನಾನು ಎರಡನೇ ಪಟ್ಟಿ ಬರೆಯೋಕೆ ಶುರು ಮಾಡಿದೀನಿ, ವರ್ಗ ಯಾವಾಗ ಆಗುತ್ತೋ ಗೊತ್ತಿಲ್ಲ. ಇಲ್ಲಿ ತನಕ 41ರಲ್ಲಿ 17 ಮಕ್ಕಳದ್ದು ಆಗಿದೆ. ಆ ಹುಡುಗ ಈಗ ಏಳನೇ ಕ್ಲಾಸು, ಎಡಗಡೆ ಗೋಡೆ ಪಕ್ಕ ಕೂರ್ತಾನೆ.